ಕಿಟಕಿಯಲ್ಲಿ ಎರಡು ಕೈ

"ಪರದೆ ಎಳೀಬೇಡಿ," ಎಂದ ಪತ್ತೇದಾರ.

ಭಾವನ ಕೈ ಅರ್ಧಕ್ಕೇ ನಿಂತಿತು. ಇಳಿಬಿಸಿಲು ಕಿಟಕಿಯಿಂದ ನೇರವಾಗಿ ಮೇಜಿನ ಮೇಲೆ ಬಿದ್ದಿತ್ತು. ಅದಕ್ಕೇ ಎದ್ದೆ ಎಂದು ಆತ ಹೇಳಿದ. ಇರಬಹುದು.

"ಕಣ್ಣಿಗೆ ಹೊಡೆಯುತ್ತೆ ಸರ್."

"ಹೊಡೀಲಿ ಬಿಡಿ. ನೀವು ಕೂತ್ಕೊಳ್ಳಿ."

ಭಾವ ಕೂತ. ಅವನ ನಾದಿನಿ, ಹೆಂಡತಿಯ ತಂಗಿ, ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಅವಳು ಹೆಗಲ ಚೀಲವನ್ನೂ ಇಳಿಸಿರಲಿಲ್ಲ.

ಈ ಕೋಣೆಯ ಒಂದು ತುಂಡನ್ನು ದಿನಾ ಸಂಜೆ ಸುಮಾರು ನಲವತ್ತು ಸಾವಿರ ಜನ ನೋಡುತ್ತಿದ್ದರು. ಒಂದು ಕಿಟಕಿ, ಅದರ ಕೆಳಗೆ ಮರದ ಮೇಜು, ಮೇಜಿನ ಎಡಮೂಲೆಯಲ್ಲಿ ನೀರು ತುಂಬಿದ ಗಾಜಿನ ಬಾಟಲಿ, ಬಾಟಲಿಯಲ್ಲಿ ಒಂದೆಳೆ ಮನಿಪ್ಲಾಂಟ್. ಇವುಗಳ ನಡುವೆ ಎರಡು ಕೈ. ಮುಖವಿಲ್ಲ, ಮಾತಿಲ್ಲ. ಆ ಕೈಗಳು ಅಂಗಿಗೆ ಗುಂಡಿ ಹೊಲಿಯುತ್ತಿದ್ದವು, ಕೊಡೆಯ ಕಡ್ಡಿ ಕಟ್ಟುತ್ತಿದ್ದವು, ಬೂಟಿಗೆ ಪಾಲಿಶ್ ಹಾಕುತ್ತಿದ್ದವು. ಕೆಳಗೆ ಒಂದೇ ಸಾಲು ಬರಹ: 'ಇವತ್ತು ಕೊಡೆ ರಿಪೇರಿ.' ಅಷ್ಟೇ.

ಆ ಕೈಗಳ ಒಡತಿಗೆ ಜನ ಇಟ್ಟ ಹೆಸರು ಕಿಟಕಿ ಅಕ್ಕ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಡೆಗೆ ಎಂದು ಹಗಲಿಡೀ ಕೂಗಿ ಹೇಳುವುದು ಅವಳ ನೌಕರಿ. ಸಂಜೆಯ ಮೇಲೆ ಒಂದು ಮಾತೂ ಆಡದೆ ಏನಾದರೂ ಮಾಡುತ್ತ ಕೂರಬೇಕು, ಅದನ್ನು ಯಾರಾದರೂ ಸುಮ್ಮನೆ ನೋಡುತ್ತಿರಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ ಎಂದು ತಂಗಿ ಹೇಳಿದ್ದಳು.

ಅಕ್ಕ ಮನೆಯಲ್ಲಿಲ್ಲದೆ ಎರಡು ವಾರವಾಗುತ್ತ ಬಂದಿತ್ತು. ವೀಡಿಯೋ ಮಾತ್ರ ಒಂದು ಸಂಜೆಯೂ ತಪ್ಪಿರಲಿಲ್ಲ.

ತಂಗಿಯ ಕಷ್ಟವೂ ಅದೇ. ಅವಳು ಠಾಣೆಗೆ ಹೋದಾಗಲೆಲ್ಲ ಇನ್ಸ್‌ಪೆಕ್ಟರ್ ತನ್ನ ಫೋನ್ ತೆಗೆದು ಅವಳ ಮುಂದೆ ಹಿಡಿಯುತ್ತಿದ್ದ. "ನೋಡಮ್ಮ, ನಿನ್ನೆ ಸಂಜೆ ನಿಮ್ಮಕ್ಕ ಬಾಚಣಿಗೆ ತೊಳೀತಿದಾರೆ. ನಮ್ಮ ಮನೆಯವಳು ಕೂತು ಪೂರ್ತಿ ನೋಡಿದಾಳೆ. ಕಾಣೆಯಾದವರು ಬಾಚಣಿಗೆ ತೊಳೀತಾರಾ? ಆಫೀಸಿಗೆ ರಜೆ ಅಂತ ಮೆಸೇಜ್ ಹಾಕಿದಾರೆ. ಕಟ್ಕೊಂಡ ಗಂಡನೇ ಸುಮ್ಮನಿದಾನೆ. ನಿಮಗ್ಯಾಕಮ್ಮ ಇಷ್ಟು ಅವಸರ?"

ದೂರು ಬರೆದುಕೊಳ್ಳದೆ ಹುಡುಕಾಟವಿಲ್ಲ. ವೀಡಿಯೋ ಬರುತ್ತಿರುವ ತನಕ ದೂರಿಲ್ಲ. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿ, ಅರ್ಧರ್ಧ ದಿನದ ರಜೆಗಳೆಲ್ಲ ಮುಗಿದ ಮೇಲೆ, ನಿನ್ನೆ ಪತ್ತೇದಾರನ ಮೆಟ್ಟಿಲು ಹತ್ತಿದ್ದಳು.

ಪತ್ತೇದಾರ ಇನ್ಸ್‌ಪೆಕ್ಟರನಿಂದ ಒಂದು ಮಾತು ಪಡೆದಿದ್ದ. "ಅನುಮಾನ ಸಾಹೇಬ್ರೇ," ಎಂದಿದ್ದ ಆತ, ತಾನೇ ಇಟ್ಟ ಅಡ್ಡಹೆಸರಿನಿಂದ. "ಒಂದೇ ಒಂದು ವೀಡಿಯೋ ಆ ಹೆಂಗಸಿನದ್ದಲ್ಲ ಅಂತ ತೋರಿಸಿ. ನಿಂತ ಕಾಲ ಮೇಲೆ ದೂರು ಬರ್ಕೋತೀನಿ."

"ನಿಮ್ಮ ಹೆಂಡತಿ ಎಲ್ಲಿದಾರೆ?" ಪತ್ತೇದಾರ ಕೇಳಿದ.

"ಎಷ್ಟು ಸಲ ಹೇಳೋದು ಸರ್? ಸುಸ್ತಾಗಿದೆ, ಸ್ವಲ್ಪ ದಿನ ನನ್ನ ಯಾರೂ ಹುಡುಕ್ಬೇಡಿ ಅಂತ ಹೇಳಿ ಹೋಗಿದಾಳೆ. ದಿನಾ ಸಾವಿರ ಜನಕ್ಕೆ ದಾರಿ ಹೇಳೋಳು. ಅವಳಿಗೂ ಒಂದ್ಸಲ ಎಲ್ಲಾದ್ರೂ ಹೋಗ್ಬೇಕು ಅನ್ಸಲ್ವಾ?"

"ಎಲ್ಲಿಗೆ?"

"ಹೇಳಲಿಲ್ಲ."

"ನೀವು ಕೇಳಲಿಲ್ಲ."

"ಕೇಳಿದ್ರೆ ಹೇಳೋ ಪೈಕಿ ಅಲ್ಲ ಅವಳು. ಬೇಕಾದ್ರೆ ಪುಟ್ಟಿನ ಕೇಳಿ." ಭಾವ ಬಾಗಿಲ ಕಡೆ ಗದ್ದ ತೋರಿಸಿದ. ಪುಟ್ಟಿ ಎಂದರೆ ತಂಗಿ; ಮನೆಯವರು ಕರೆಯುವ ಹೆಸರು.

"ಫೋನು?"

"ತಗೊಂಡು ಹೋಗಿದಾಳೆ. ವೀಡಿಯೋ ಅದರಿಂದಲೇ ಹಾಕ್ತಿದಾಳಲ್ಲ. ನಾನೂ ಎಲ್ಲರ ಹಾಗೇ ಸಂಜೆ ಆರಕ್ಕೆ ನೋಡೋನು."

"ಫೋನಿನ ಜೊತೆ ಈ ಕಿಟಕೀನೂ ತಗೊಂಡು ಹೋಗಿದಾರಾ?"

ಭಾವ ನಕ್ಕುಬಿಟ್ಟ. ತಂಗಿ ನಗಲಿಲ್ಲ.

"ಸ್ಟಾಕ್ ಸರ್, ಸ್ಟಾಕ್."

"ಅಂದ್ರೆ?"

ಪತ್ತೇದಾರನಿಗೆ ಅದು ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಬೆಂಕಿ ಬಿದ್ದ ಮನೆಗಳ ವಿಮೆ ಅರ್ಜಿ ಪರಿಶೀಲಿಸುತ್ತಿದ್ದ ಕಾಲದಿಂದಲೂ, ಗೊತ್ತಿದೆ ಎಂದುಕೊಂಡದ್ದನ್ನೇ ಮತ್ತೊಮ್ಮೆ ಕೇಳುವುದು ಆತನಿಗೆ ಅಂಟಿದ ಚಾಳಿ.

"ದಿನಾ ಯಾರು ಸರ್ ಶೂಟ್ ಮಾಡ್ತಾರೆ?" ಭಾವನ ದನಿಯಲ್ಲಿ ಈಗ ಕಸುಬಿನವನ ಉತ್ಸಾಹ ಬಂತು. "ಒಂದು ಭಾನುವಾರ ಕೂತ್ರೆ ಹತ್ತು ಸಂಜೆ ರೆಡಿ. ಮೇಜಿನ ಬಟ್ಟೆ ಬದಲಾಯಿಸ್ತೀವಿ, ಪರದೆ ಬದಲಾಯಿಸ್ತೀವಿ, ಬಲ್ಬಿಗೆ ಬಟರ್ ಪೇಪರ್ ಸುತ್ತಿದ್ರೆ ಮಧ್ಯಾಹ್ನಾನೂ ಸಂಜೆನೇ. ಆಮೇಲೆ ಅವಳು ತೋಳು ಬದಲಾಯಿಸ್ಕೋತಾಳೆ."

"ತೋಳು?"

"ಪೂರ್ತಿ ಬಟ್ಟೆ ಯಾಕೆ ಬದಲಾಯಿಸ್ಬೇಕು ಸರ್? ಕಾಣೋದು ಮೊಣಕೈ ತನಕ."

ಆತ ಮೇಜಿನ ಅಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದ. ಒಳಗೆ ತೋಳುಗಳಿದ್ದವು. ಹಳೆಯ ಅಂಗಿ, ಕುರ್ತಾ, ಸ್ವೆಟರುಗಳಿಂದ ಕತ್ತರಿಸಿದ ಜೋಡಿ ತೋಳುಗಳು. ಪ್ರತಿಯೊಂದರ ಮೇಲ್ತುದಿಗೆ ರಬ್ಬರಿನ ಪಟ್ಟಿ ಹೊಲಿದಿತ್ತು. ಒಂದರ ಮೇಲೊಂದು ನೀಟಾಗಿ ಮಡಿಸಿಟ್ಟಿದ್ದರು.

"ಆ ಬೂದು ಬಣ್ಣದ್ದು ನನ್ನ ಸ್ವೆಟರಿಂದು," ಎಂದಳು ತಂಗಿ. "ಕೇಳದೇ ಕತ್ತರಿಸಿದ್ಲು. ಚಳಿಗಾಲದಲ್ಲಿ ಹುಡುಕಿ ಹುಡುಕಿ ಸಾಕಾಯ್ತು ನಂಗೆ."

"ನೀನು ಆ ಸ್ವೆಟರ್ ಹಾಕ್ಕೊಂಡ್ರೆ ಗೋಣಿಚೀಲ ನಡೆದು ಬಂದ ಹಾಗಿರ್ತಿತ್ತು. ಒಳ್ಳೇದೇ ಆಯ್ತು ಬಿಡು."

"ನಿಮ್ಮನ್ನ ಕೇಳಿಲ್ಲ ಭಾವ."

ಭಾವ ಪೆಟ್ಟಿಗೆ ಮುಚ್ಚಿದ. "ಇದನ್ನ ಮೋಸ ಅಂತೀರಾ ಸರ್?"

"ಇಲ್ಲ. ವಾರದ ಅಂಗಿಗಳನ್ನ ನಾನೂ ಭಾನುವಾರವೇ ಇಸ್ತ್ರಿ ಮಾಡಿಡ್ತೀನಿ." ಪತ್ತೇದಾರ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡ. "ಅವರು ಹೋಗೋಕೆ ಮುಂಚೆ ಕೊನೇ ಸಲ ಶೂಟ್ ಮಾಡಿದ್ದು ಯಾವಾಗ?"

"ಭಾನುವಾರ. ಮಾರನೇ ದಿನ ಬೆಳಿಗ್ಗೆ ಹೋದಳು."

"ಆಮೇಲೆ ಬಂದ ವೀಡಿಯೋಗಳೆಲ್ಲ ಆ ಭಾನುವಾರದವೇ?"

"ಎಲ್ಲ ಅವತ್ತಿನವೇ."

"ನಿನ್ನೆ ಸಂಜೆ ಬಂದದ್ದು?"

"ಅದೂ ಅವತ್ತಿಂದೇ ಸರ್."

"ಅಂದ್ರೆ ಅವರು ಹೋದ ಮೇಲೆ ಕ್ಯಾಮೆರಾ ಇಟ್ಟು ಈ ಮೇಜಿನ ಮುಂದೆ ಯಾರೂ ಕೂತಿಲ್ಲ."

"ಯಾರು ಕೂರ್ತಾರೆ? ನಾನೇ ಬಳೆ ತೊಟ್ಕೊಂಡು ಕೂರ್ಲಾ?"

ಒಂದೇ ಪ್ರಶ್ನೆಯನ್ನು ಮೂರು ರೀತಿಯಲ್ಲಿ ಕೇಳಿಯಾಗಿತ್ತು. ಉತ್ತರ ಮೂರೂ ಸಲ ಅದೇ ಇತ್ತು. ಪತ್ತೇದಾರ ತನ್ನ ಟ್ಯಾಬನ್ನು ಮೇಜಿನ ಮೇಲಿಟ್ಟು ಭಾವನ ಕಡೆ ತಿರುಗಿಸಿದ.

"ಕೈ ನೋಡ್ಬೇಡಿ. ಎಲ್ಲರೂ ಕೈಯನ್ನೇ ನೋಡ್ತಾರೆ. ನಾನೂ ನಿನ್ನೆ ಸುಮಾರು ಹೊತ್ತು ಅದನ್ನೇ ನೋಡಿ ಹೊತ್ತು ಕಳೆದೆ. ಎಡಮೂಲೆ ನೋಡಿ."

ಪ್ರತಿ ವೀಡಿಯೋದಿಂದ ಬಾಟಲಿಯ ಭಾಗವನ್ನಷ್ಟೇ ಕತ್ತರಿಸಿ ಆತ ಸಾಲಾಗಿ ಜೋಡಿಸಿದ್ದ. ನೀಲಿ ತೋಳು, ಬಿಳಿ ಪರದೆ: ನೀರಿನಲ್ಲಿ ಮನಿಪ್ಲಾಂಟಿನ ಬೇರು ಹೆಬ್ಬೆರಳಿನಷ್ಟು ಉದ್ದ, ತುದಿಯಲ್ಲಿ ಒಂದು ಕೊಂಕು, ಮೇಲೆ ಒಂದು ಹರಿದ ಎಲೆ. ಚೌಕುಳಿ ತೋಳು, ಹಸಿರು ಪರದೆ: ಬೇರು ಹೆಬ್ಬೆರಳಿನಷ್ಟು. ಬೂದು ಸ್ವೆಟರಿನ ತೋಳು: ಬೇರು ಅಷ್ಟೇ, ತುದಿಯಲ್ಲಿ ಅದೇ ಕೊಂಕು.

"ತೋಳು ಬೇರೆ, ಪರದೆ ಬೇರೆ, ಬೇರು ಒಂದೇ. ಒಂದೇ ಭಾನುವಾರ ತೆಗೆದದ್ದು ಅಂತ ನೀವು ಹೇಳಿದ್ದು ಸುಳ್ಳಲ್ಲ. ನೋಡೋರೂ ಗಮನಿಸಿದಾರೆ. ಒಬ್ಬರು ಬರೆದಿದಾರೆ, 'ಅಕ್ಕಾ, ನಿಮ್ಮ ಬಳ್ಳಿ ರಜೆ ಮೇಲಿದೆಯಾ, ಬೆಳೀತಾನೇ ಇಲ್ಲ' ಅಂತ."

"ಜನಕ್ಕೆ ಮಾಡೋಕೆ ಕೆಲಸ ಇಲ್ಲ," ಎಂದ ಭಾವ. ನಗಲು ನೋಡಿದ.

"ಇದು ಮೊನ್ನೆಯದು. ಇದು ನಿನ್ನೆಯದು."

ಕೊನೆಯ ಎರಡು ಚಿತ್ರಗಳಲ್ಲಿ ಬೇರು ಬಾಟಲಿಯ ತಳ ಮುಟ್ಟಿತ್ತು. ಹೆಬ್ಬೆರಳಿನಷ್ಟಿದ್ದದ್ದು ಈಗ ಮಧ್ಯದ ಬೆರಳಿಗಿಂತ ಉದ್ದವಾಗಿ, ಮೈತುಂಬ ಕೂದಲಿನಂಥ ಕವಲು ಬಿಟ್ಟಿತ್ತು.

ಬೇರೆ ಬಳ್ಳಿ ಇರಬಹುದೇ ಎಂಬ ಯೋಚನೆ ಪತ್ತೇದಾರನಿಗೂ ಬಂದಿತ್ತು. ಅದಕ್ಕೇ ಆತ ಪರದೆ ಎಳೆಯಬೇಡಿ ಎಂದಿದ್ದು. ಬಿಸಿಲು ಬಾಟಲಿಯ ಒಳಹೊಕ್ಕು ಈಗ ಎಲ್ಲವನ್ನೂ ಬಿಚ್ಚಿ ತೋರಿಸುತ್ತಿತ್ತು: ಅದೇ ಹರಿದ ಎಲೆ, ಬೇರಿನಲ್ಲಿ ಅದೇ ಕೊಂಕು, ನಿನ್ನೆಯ ವೀಡಿಯೋದಲ್ಲಿದ್ದಷ್ಟೇ ಉದ್ದ.

"ಎಲ್ಲ ಬದಲಾಯಿಸಿದ್ರಿ. ಬಾಟಲಿ ಒಂದನ್ನ ಮೇಜಿಂದ ತೆಗೆದಿದ್ರೆ ಸಾಕಾಗ್ತಿತ್ತು."

"ತೆಗೆದ್ರೆ ಬಿಡ್ತಾರಾ ಸರ್?" ಭಾವ ತಾನೇನು ಹೇಳುತ್ತಿದ್ದೇನೆ ಎಂಬುದು ಹೊಳೆಯುವ ಮೊದಲೇ ಹೇಳಿಬಿಟ್ಟಿದ್ದ. "ಬಳ್ಳಿ ಎಲ್ಲಿ, ಬಳ್ಳಿ ಎಲ್ಲಿ ಅಂತ ಪ್ರಾಣ ತಿಂತಾರೆ."

ಕೆಳಗಿನ ರಸ್ತೆಯಲ್ಲಿ ಯಾರೋ ಸ್ಕೂಟರ್ ಶುರುಮಾಡಲು ಒದೆಯುತ್ತಲೇ ಇದ್ದರು. ಅದು ಶುರುವಾಗಲಿಲ್ಲ.

"ಸ್ಟಾಕ್ ಮುಗಿದ ಮೇಲೆ ಯಾರೋ ಇಲ್ಲಿ ಕೂತಿದಾರೆ," ಎಂದ ಪತ್ತೇದಾರ. ದನಿ ಏರಿಸಲಿಲ್ಲ. "ನಿಮ್ಮ ಹೆಂಡತೀನೇ ಬಂದು ಕೂತಿದ್ರೆ, ಅವರು ಎಲ್ಲಿದಾರೆ ಅಂತ ನಿಮಗೆ ಗೊತ್ತು. ಬೇರೆಯವರಾದ್ರೆ, ಅದು ಯಾರು ಅಂತ ನಿಮಗೆ ಗೊತ್ತು. ಎರಡರಲ್ಲಿ ಒಂದು ಹೇಳಿ. ಈ ಕೈ ಯಾರದು?"

ಭಾವ ಟ್ಯಾಬನ್ನೇ ನೋಡುತ್ತ ಕೂತ. ಬಳಿಕ ತಲೆಯೆತ್ತಿದ. ನೋಡಿದ್ದು ಪತ್ತೇದಾರನನ್ನಲ್ಲ.

"ನನ್ನನ್ನ ಯಾಕೆ ಕೇಳ್ತೀರಾ? ನಿಮ್ಮನ್ನ ಕರ್ಕೊಂಡು ಬಂದವಳನ್ನ ಕೇಳಿ."

ಪತ್ತೇದಾರ ತಿರುಗಿದ. ತಂಗಿ ಚೀಲದ ಪಟ್ಟಿಯನ್ನು ಹೆಗಲಿಂದ ಇಳಿಸಿ, ಚೀಲವನ್ನು ನೆಲಕ್ಕಿಟ್ಟಳು. ಅಲ್ಲಗಳೆಯಲಿಲ್ಲ.

"ಮೊನ್ನೆ ಬೆಳಿಗ್ಗೆ ತಾನಾಗೇ ಬಂದಳು ಸರ್," ಎಂದ ಭಾವ. "'ಸ್ಟಾಕ್ ಮುಗೀತಲ್ಲ ಭಾವ, ನಾನು ಕೂರ್ತೀನಿ, ನಮ್ಮಿಬ್ಬರ ಕೈ ಒಂದೇ ಥರ' ಅಂದಳು. ಎರಡು ಜೊತೆ ತೋಳು ಹಾಕ್ಕೊಂಡು ಎರಡು ವೀಡಿಯೋ ಮಾಡಿದ್ಲು. ಪಾಪ, ನನ್ನ ಮರ್ಯಾದೆ ಉಳಿಸೋಕೆ ಬಂದಳು ಅಂದ್ಕೊಂಡೆ. ಸ್ಟಾಕ್ ಮುಗಿದಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತೇ ಪುಟ್ಟಿ? ಎಷ್ಟು ಉಳಿದಿತ್ತು ಅಂತ ಗೊತ್ತಿದ್ದದ್ದು ನಂಗೆ, ನಿಮ್ಮಕ್ಕಂಗೆ. ಇಬ್ಬರಿಗೇ."

"ಅಕ್ಕನೇ ಹೇಳಿದ್ಲು," ಎಂದಳು ತಂಗಿ.

"ಯಾವಾಗ?"

"ಅದರ ಹಿಂದಿನ ಸಂಜೆ. ಫೋನ್ ಮಾಡಿದ್ಲು."

"ಸುಳ್ಳು!" ಭಾವ ಎದ್ದೇಬಿಟ್ಟ. "ಸರ್, ಹಸಿ ಸುಳ್ಳು. ಅವಳ ಫೋನ್ ಇಲ್ಲೇ ಇದೆ." ಆತ ಮೇಜಿನ ಸೆಳೆಖಾನೆ ಎಳೆದು, ಹಳದಿ ಕವರಿನ ಫೋನೊಂದನ್ನು ತೆಗೆದು ಎತ್ತಿ ಹಿಡಿದ. "ಹೋಗುವಾಗ ಇದನ್ನ ಬಿಟ್ಟೇ ಹೋಗಿದಾಳೆ. ಇದು ಈ ಮನೆ ದಾಟಿಲ್ಲ!"

ಫೋನನ್ನು ಅವಳು ತಗೊಂಡು ಹೋಗಿದ್ದಾಳೆ ಎಂದು ತಾನು ಹೇಳಿ ಅರ್ಧ ಗಂಟೆಯೂ ಆಗಿಲ್ಲ ಎಂಬುದು ಆತನಿಗೆ ನೆನಪಾದದ್ದು, ಕೈ ಇನ್ನೂ ಮೇಲಿದ್ದಾಗಲೇ. ಆತ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ವೀಡಿಯೋ ಹಾಕ್ತಿದ್ದದ್ದು ನೀವು," ಎಂದ ಪತ್ತೇದಾರ.

"ಹೂಂ."

"ರಜೆ ಮೆಸೇಜೂ ನೀವೇ."

"ಮತ್ತೇನ್ ಮಾಡ್ಲಿ ಸರ್?" ಭಾವ ಕುಸಿದು ಕೂತ. "ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ. ಒಂದು ಚೀಟಿ ಇಲ್ಲ, ಫೋನ್ ಬಿಟ್ಟು ಹೋಗಿದಾಳೆ. ಬಿಟ್ಟು ಹೋದಳು ಅಂತಲೇ ತಿಳ್ಕೊಂಡೆ. ಎದುರು ಮನೆಯವರಿಗಾದ್ರೆ ತವರಿಗೆ ಹೋಗಿದಾಳೆ ಅನ್ನಬಹುದು. ನಲವತ್ತು ಸಾವಿರ ಜನಕ್ಕೆ ಏನಂತ ಹೇಳ್ಲಿ?"

ತಂಗಿ ಆತನನ್ನು ನೋಡಲಿಲ್ಲ. ಪತ್ತೇದಾರನಿಗೆ ಹೇಳಿದಳು.

"ಅವಳು ಹೆಚ್ಚು ಮಾತಾಡ್ಲಿಲ್ಲ ಸರ್. 'ಇವತ್ತಿಗೆ ಸ್ಟಾಕ್ ಮುಗಿಯುತ್ತೆ, ನಾಳೆಯಿಂದ ನೀನು ಕೂರು, ಒಂದು ಸಂಜೇನೂ ನಿಲ್ಲಬಾರದು, ಯಾರಿಗೂ ಹೇಳ್ಬೇಡ' ಅಂದಳು. ಬಸ್ ಸ್ಟ್ಯಾಂಡಲ್ಲಿ ಓದಿ ಹೇಳ್ತಾಳಲ್ಲ, ಹಾಗೆ. ಎಲ್ಲಿದೀಯ ಅಂತ ಕೇಳ್ದೆ. ಕಟ್ ಆಯ್ತು."

"ನನಗೆ ನೀವು ಇದನ್ನ ಹೇಳಬೇಕಿತ್ತು."

"ಇನ್ಸ್‌ಪೆಕ್ಟರಿಗೆ ಹೇಳಿದ್ರೆ ಏನನ್ನೋರು? ಮಾತಾಡಿದಾಳಲ್ಲಮ್ಮ, ಇನ್ನೇನು ಅನ್ನೋರು. ನಿಮಗೆ ಹೇಳೋಣ ಅಂದ್ಕೊಂಡೆ. ಯಾರಿಗೂ ಹೇಳ್ಬೇಡ ಅಂದಿದ್ಲು. ಅವಳ ಆ ದನಿ ಕೇಳಿದ್ರೆ ನೀವೂ ಹೇಳ್ತಿರಲಿಲ್ಲ ಸರ್. ನೀವಾಗೇ ಕಂಡುಹಿಡಿದ್ರೆ ನಾನು ಹೇಳಿದ ಹಾಗಾಗಲ್ಲ ಅಂತ ಕರ್ಕೊಂಡು ಬಂದೆ."

ಇದರಲ್ಲಿ ತರ್ಕವಿತ್ತೋ ಇಲ್ಲವೋ ಪತ್ತೇದಾರನಿಗೆ ತೀರ್ಮಾನಿಸಲಾಗಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟ. "ಯಾವ ನಂಬರಿಂದ ಬಂತು ಆ ಕರೆ?"

"ಭಾವನ ಅಂಗಡಿ ಫೋನಿಂದ."

ಭಾವನಿಗಿದ್ದದ್ದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ತಂಗಿ ತನ್ನ ಫೋನ್ ತೆಗೆದು ತೋರಿಸಿದಳು. ಕರೆಯ ಪಕ್ಕದಲ್ಲಿ 'ಭಾವ ಅಂಗಡಿ' ಎಂದೇ ಇತ್ತು.

"ಅದಕ್ಕೇ ಇವರ ಮೇಲೆ ನಂಗೆ ಅನುಮಾನ ಬಂದದ್ದು," ಎಂದಳು. "ಅಕ್ಕನ್ನ ಅಂಗಡೀಲಿ ಕೂಡಿ ಹಾಕಿ, ಇಲ್ಲಿ ಏನೂ ಗೊತ್ತಿಲ್ಲದೋರ ಹಾಗೆ ಕೂತಿದಾರೆ ಅಂತ. ಹೋಗಿ ನೋಡ್ದೆ. ಶಟರ್ ಹಾಕಿತ್ತು. ಬಡಿದೆ. ಯಾರೂ ತೆಗೀಲಿಲ್ಲ. ಹೇಳಿ ಭಾವ. ಅಂಗಡೀಲಿ ಯಾರಿದಾರೆ?"

ಭಾವ ಆ ಫೋನಿನ ಪರದೆಯನ್ನು ಎರಡು ಸಲ ನೋಡಿದ.

"ಅಂಗಡಿ ನಂದಲ್ಲ," ಎಂದ.

"ಏನು?"

"ಕೊಟ್ಟುಬಿಟ್ಟೆ. ಒಂದು ತಿಂಗಳಾಗ್ತಾ ಬಂತು. ನಿಂಗೂ ಹೇಳಿಲ್ಲ, ನಿಮ್ಮಕ್ಕಂಗೂ ಹೇಳಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಸ್ಕೊಂಡು ಹೋಗಿ ಲೈಬ್ರರೀಲಿ ಪೇಪರ್ ಓದ್ಕೊಂಡು ಬರ್ತಿದ್ದೆ. ಈಗ ಯಾರು ಪುಟ್ಟಿ ಫೋಟೋಗೆ ಕಟ್ಟು ಹಾಕಿಸ್ತಾರೆ? ಎಲ್ಲಾರ ಫೋಟೋನೂ ಫೋನಲ್ಲೇ ಇರುತ್ತೆ."

"ಯಾರಿಗೆ ಕೊಟ್ರಿ?" ಪತ್ತೇದಾರ ಕೇಳಿದ.

"ಒಬ್ಬರು ಬಂದ್ರು ಸರ್. ಬೋರ್ಡು, ಫೋನು, ಗಾಜು, ಕಟ್ಟು ಎಲ್ಲ ಹಾಗೇ ಇರಲಿ, ಕೀಲಿ ಕೊಡಿ ಸಾಕು ಅಂದ್ರು. ಕಾಗದಪತ್ರ ನಿಧಾನಕ್ಕೆ ಮಾಡ್ಕೊಳ್ಳೋಣ ಅಂದ್ರು."

"ಹೆಸರು?"

ಭಾವ ತಲೆ ಕೆರೆದುಕೊಂಡ.

"ಹೆಸರೂ ಕೇಳಲಿಲ್ವಾ?"

"ಸಾಧು ಮನುಷ್ಯ ಸರ್. ಮೆತ್ತಗಿನ ಮಾತು. ಬಂದ ತಕ್ಷಣ ವೀಡಿಯೋ ವಿಷಯ ತೆಗೆದ್ರು. 'ನಿಮ್ಮ ಮನೆಯವರ ವೀಡಿಯೋ ದಿನಾ ನೋಡ್ತೀನಿ, ಒಂದೂ ಬಿಟ್ಟಿಲ್ಲ. ಅವರ ಸಂಜೆ ಮುಗಿದ್ರೇನೇ ನನಗೆ ದಿನ ಮುಗಿಯೋದು' ಅಂದ್ರು. ಖುಷಿಯಾಯ್ತು. ಯಾರಿಗೆ ಸರ್ ಖುಷಿಯಾಗಲ್ಲ? ಕ್ಯಾಮೆರಾ ಹಿಡಿಯೋನು ನಾನೇ ಅಂತ ಹೇಳ್ದೆ. ಕೈ ಕುಲುಕಿದ್ರು."

ಪತ್ತೇದಾರ ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡ. "ವೀಡಿಯೋದಲ್ಲಿ ಮುಖ ಇಲ್ಲ. ಹೆಸರಿಲ್ಲ. ಊರಿಲ್ಲ. ನಿಮ್ಮ ಹೆಂಡತೀನೇ ಕಿಟಕಿ ಅಕ್ಕ ಅಂತ ಆತನಿಗೆ ಯಾರು ಹೇಳಿದ್ದು?"

ಭಾವನ ಮುಖ ನೋಡಿದರೆ, ಈ ಪ್ರಶ್ನೆ ಒಂದು ತಿಂಗಳಿಂದ ಆತನ ಹತ್ತಿರವೂ ಸುಳಿದಿರಲಿಲ್ಲ ಎಂಬುದು ಗೊತ್ತಾಗುತ್ತಿತ್ತು.

ಪತ್ತೇದಾರ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ. ಬೇರಿನ ಚಿತ್ರಗಳನ್ನು ಕಳಿಸಿದ, ಅಂಗಡಿಯ ವಿಳಾಸ ಹೇಳಿದ, ನಂಬರ್ ಹೇಳಿದ. ಆ ಕಡೆ ಇನ್ಸ್‌ಪೆಕ್ಟರ್ ಒಮ್ಮೆಯೂ ತಮಾಷೆ ಮಾಡಲಿಲ್ಲ. "ಜೀಪ್ ತೆಗೀತಿದೀನಿ," ಎಂದ.

ಗಂಟೆ ಐದಾಗುತ್ತಿತ್ತು. ತಂಗಿ ಗೋಡೆ ಗಡಿಯಾರ ನೋಡಿದಳು.

"ಸರ್, ಇವತ್ತಿಗೆ ವೀಡಿಯೋ ಇಲ್ಲ. ನಾನು ಮಾಡಿದ್ದ ಎರಡೂ ಮುಗೀತು."

"ಹಾಳಾಗ್ಹೋಗ್ಲಿ ವೀಡಿಯೋ," ಎಂದ ಭಾವ.

"ಒಂದು ಸಂಜೇನೂ ನಿಲ್ಲಬಾರದು ಅಂದಿದ್ಲು ಭಾವ. ಸುಮ್ಮನೆ ಅಂದಿರ್ತಾಳಾ? ನಿಂತ್ರೆ ಏನಾಗುತ್ತೋ ಅವಳಿಗೆ ಗೊತ್ತಿರುತ್ತೆ."

ಇಬ್ಬರೂ ಪತ್ತೇದಾರನನ್ನು ನೋಡಿದರು. ಆತ ಈ ಥರದ ತೀರ್ಮಾನಗಳಿಗೆ ಹೆದರುವ ಮನುಷ್ಯ. ವೀಡಿಯೋ ಹಾಕಿದರೆ ಆ ಅಪರಿಚಿತ ಕೇಳಿದ್ದನ್ನು ಕೊಟ್ಟಂತೆ. ಹಾಕದಿದ್ದರೆ, ಜೀಪು ಅಂಗಡಿ ತಲುಪುವ ಮೊದಲೇ ಆತನಿಗೆ ಇಲ್ಲಿ ಏನೋ ಬದಲಾಗಿದೆ ಎಂದು ತಿಳಿಯುತ್ತದೆ. ಎರಡನ್ನೂ ತೂಗಿ ನೋಡಿದ. ಯಾವುದೂ ಹಗುರವಾಗಿ ಕಾಣಲಿಲ್ಲ.

"ಕೂತ್ಕೊಳ್ಳಿ," ಎಂದ ಕೊನೆಗೆ. "ಒಂದು ಮಾಡಿ."

ಮುಂದಿನದೆಲ್ಲ ಯಾವುದೋ ಕಾರ್ಖಾನೆಯ ಪಾಳಿ ಶುರುವಾದಂತೆ ನಡೆಯಿತು. ಭಾವ ಮೂರುಕಾಲಿನ ಸ್ಟ್ಯಾಂಡ್ ಬಿಡಿಸಿ ಕ್ಯಾಮೆರಾ ಕೂರಿಸಿದ, ಬಲ್ಬಿಗೆ ಕಾಗದ ಸುತ್ತಿದ, ಹಸಿರು ಪರದೆ ಏರಿಸಿದ. ತಂಗಿ ಪೆಟ್ಟಿಗೆ ಕೆದಕಿ ಕಂದು ಬಣ್ಣದ ತೋಳುಗಳನ್ನು ತೆಗೆದು ತೊಟ್ಟುಕೊಂಡಳು. ಹೊಲಿಯಲು ಭಾವನ ಹರಿದ ಕಾಲುಚೀಲ ಸಿಕ್ಕಿತು.

"ತೊಳೆದಿದ್ದಾ ಇದು?"

"ತೊಳೆದಿದ್ದೇ ಕಣೇ."

"ವಾಸನೆ ನೋಡಿದ್ರೆ ಹಾಗನ್ಸಲ್ಲ."

"ವೀಡಿಯೋದಲ್ಲಿ ವಾಸನೆ ಬರಲ್ಲ, ಸುಮ್ಮನೆ ಹೊಲಿ. ಎಡಗೈ ಸ್ವಲ್ಪ ಹಿಂದಕ್ಕೆ ಪುಟ್ಟಿ. ಇನ್ನೂ ಸ್ವಲ್ಪ. ಹಾಂ. ಹಾಗೇ ಇರು."

ಪತ್ತೇದಾರ ಬಾಗಿಲ ಬಳಿ ಹೋಗಿ ನಿಂತ. ಮೇಜಿನ ಮೇಲಿನ ಎರಡು ಕೈಗಳು ಸೂಜಿಗೆ ದಾರ ಪೋಣಿಸಿದವು, ಗಂಟು ಹಾಕಿದವು, ಹಿಮ್ಮಡಿಯ ತೂತನ್ನು ಅಂಚಿನಿಂದ ಹಿಡಿದು ಮುಚ್ಚುತ್ತ ಬಂದವು. ಅವಸರವಿರಲಿಲ್ಲ. ಕೋಣೆಯಲ್ಲಿದ್ದ ಮೂವರೂ ಸ್ವಲ್ಪ ಹೊತ್ತು ಅದನ್ನಷ್ಟೇ ನೋಡಿದರು. ಅದರಲ್ಲಿ ನೋಡುವಂಥದ್ದು ಏನೋ ಇತ್ತು ಎಂಬುದನ್ನು ಪತ್ತೇದಾರ ಒಪ್ಪಿಕೊಳ್ಳಬೇಕಾಯಿತು.

ಆರಕ್ಕೆ ಸರಿಯಾಗಿ ಭಾವ ಹಳದಿ ಕವರಿನ ಫೋನಿನಿಂದ ವೀಡಿಯೋ ಏರಿಸಿದ. 'ಇವತ್ತು ಕಾಲುಚೀಲ.'

ಕೆಳಗೆ ನೋಡುಗರ ಮಾತುಗಳು ಬರತೊಡಗಿದವು. 'ಅಕ್ಕ, ನಮ್ಮ ಮನೇಲಿ ಇಂಥವು ಒಂದು ಡಜನ್ ಇವೆ, ಕಳಿಸ್ಲಾ?' 'ಬಳ್ಳಿ ಬೇರು ಬೆಳೀತು, ಬೆಳೀತು!' 'ಇವತ್ತು ಆಫೀಸಲ್ಲಿ ಬೈಸ್ಕೊಂಡು ಬಂದೆ, ಇದನ್ನ ನೋಡಿ ಸಮಾಧಾನ ಆಯ್ತು.'

ಇನ್ಸ್‌ಪೆಕ್ಟರನ ಫೋನ್ ಬಂತು.

"ಶಟರ್ ಎತ್ತಿದ್ವಿ ಸಾಹೇಬ್ರೇ. ಯಾರೂ ಇಲ್ಲ. ಫೋನ್ ಇದೆ, ಎರಡು ಕುರ್ಚಿ ಇದೆ. ಎರಡೂ ಗೋಡೆ ಕಡೆ ಮುಖ ಮಾಡಿ ಇಟ್ಟಿದಾರೆ." ಆತ ಉಸಿರು ತೆಗೆದುಕೊಂಡ. "ಗೋಡೆ ತುಂಬ ಕಟ್ಟು ಹಾಕಿದ ಫೋಟೋ. ನೂರಿದ್ರೂ ಇರಬಹುದು. ಎಲ್ಲ ಬರೀ ಕೈ. ಆ ವೀಡಿಯೋಗಳಿಂದ ತೆಗೆದದ್ದು. ದೂರು ಬರ್ಕೊಂಡೆ ಅಂತ ಆ ಹುಡುಗಿಗೆ ಹೇಳಿ. ನಾಕಾಬಂದಿಗೂ ಹೇಳಿದೀನಿ."

ಪತ್ತೇದಾರ ತಂಗಿಗೆ ಹೇಳಲೆಂದು ತಿರುಗಿದ. ದೂರು ಬರೆದುಕೊಂಡರಂತೆ, ಹುಡುಕಾಟ ಶುರುವಾಗಿದೆ. ಇದೊಂದು ಮಾತಿಗಾಗಿ ಅವಳು ಎಷ್ಟೋ ದಿನದಿಂದ ಅಲೆದಿದ್ದಳು.

ಅವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕಂದು ತೋಳುಗಳನ್ನು ಇನ್ನೂ ಬಿಚ್ಚದೆ, ಹಳದಿ ಕವರಿನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅದನ್ನು ಆತನ ಕಡೆ ಚಾಚಿದಳು.

ಎಲ್ಲರ ಮಾತಿನ ಕೆಳಗೆ, ಚಿತ್ರವೂ ಹೆಸರೂ ಇಲ್ಲದ ಒಂದು ಖಾತೆಯಿಂದ, ಈಗಷ್ಟೇ ಬಂದಿತ್ತು:

'ಮೊನ್ನೆ ಕೈ ನಡುಗ್ತಿತ್ತು ಪುಟ್ಟಿ. ಇವತ್ತು ಪರವಾಗಿಲ್ಲ. ಅಕ್ಕನೂ ಪಕ್ಕದಲ್ಲೇ ಕೂತು ನೋಡಿದಳು. ಇವತ್ತು ಬಾಗಿಲ ಹತ್ತಿರ ನಿಂತಿದ್ದವರು ನಾಳೆ ಬೇಡ.'

ಪತ್ತೇದಾರ ವೀಡಿಯೋವನ್ನು ಮೊದಲಿನಿಂದ ಕೊನೆಯ ತನಕ ನೋಡಿದ. ಇನ್ನೊಮ್ಮೆ ನೋಡಿದ. ಕಿಟಕಿ, ಮೇಜು, ಬಾಟಲಿ, ಎರಡು ಕೈ. ಬಾಗಿಲ ಬಳಿ ನಿಂತಿದ್ದ ತನ್ನ ನೆರಳು ಕೂಡ ಅದರಲ್ಲಿರಲಿಲ್ಲ.